ಕಚ್ಚದ ಸೊಳ್ಳೆಗೆ ಹೊಗೆ, ಕೊಳೆತ ಕೆರೆಗೆ ಮೌನ!

ದೊಡ್ಡಬಳ್ಳಾಪುರ: ಹೊತ್ತು ಮುಳುಗುತ್ತಿದ್ದಂತೆ ಕೆರೆ ಏರಿಯ ಮೇಲೆ ಹೊಗೆ ಎದ್ದಂತೆ ಕಾಣುವುದುಂಟು. ಹೊಗೆಯಲ್ಲ ಅದು, ಹುಳ! ದಾರಿಹೋಕರ ತಲೆ ಮೇಲೆ ಕಂಬದಂತೆ ಸುತ್ತಿ, ಬೈಕಿನವರ ಕಣ್ಣು ಮೂಗಿಗೆ ನುಗ್ಗಿ, ಆಮೇಲೆ ಮಗ್ಗದ ಮನೆಯ ಟ್ಯೂಬ್‌ಲೈಟಿಗೆ ಮುತ್ತಿಕೊಳ್ಳುವ ಇದನ್ನು ಜನ ‘ಸೊಳ್ಳೆ’ ಅಂತಲೇ ಬೈಯುತ್ತಾರೆ. ಡೆಂಗಿ ಬಂತು, ಹೊಗೆ ಹೊಡೀರಿ ಎಂಬ ಕೂಗೂ ಏಳುತ್ತದೆ.

ಆದರೆ ಇದು ಸೊಳ್ಳೆಯಲ್ಲ, ಕೈರೊನೊಮಿಡ್ ಎಂಬ ಬೇರೆ ವಂಶ. ರಕ್ತ ಹೀರುವ ಕೊಂಡಿಯೇ ಇದಕ್ಕಿಲ್ಲ. ಗೋಡೆ ಮೇಲೆ ಕೂತಾಗ ನೋಡಿ, ಮುಂಗಾಲು ಎರಡನ್ನೂ ಮೇಲೆತ್ತಿರುತ್ತದೆ. ಸೊಳ್ಳೆ ಎತ್ತುವುದು ಹಿಂಗಾಲು.

ಸಂಜೆಯ ಆ ಮೋಡವೆಲ್ಲ ಗಂಡುಗಳದ್ದು. ಹೆಣ್ಣು ಅದರೊಳಗೆ ಹಾರಿ ಬಂದು ಜೊತೆಗೂಡಿ, ನೀರಂಚಿನಲ್ಲಿ ಲೋಳೆಯ ಸರದೊಳಗೆ ನೂರಾರು ಮೊಟ್ಟೆ ಇಡುತ್ತದೆ. ಕೆಲವೇ ದಿನಕ್ಕೆ ಮರಿ ಹೊರಬಿದ್ದು ತಳದ ಕೆಸರಿಗಿಳಿದು, ಬಾಯಿಂದ ಬರುವ ರೇಷ್ಮೆಯಲ್ಲಿ ಕೆಸರು ಅಂಟಿಸಿ ಕೊಳವೆ ಕಟ್ಟಿಕೊಳ್ಳುತ್ತದೆ. (ನೇಕಾರರ ಊರಿಗೆ ತಕ್ಕ ಹುಳ ಅನ್ನಿ!) ಅಲ್ಲಿ ಪಾಚಿ, ಕೊಳೆತ ಕಸ ತಿಂದು 4 ಹಂತ ಬೆಳೆದು, ಕೋಶವಾಗಿ, ಮೇಲೆ ತೇಲಿ ರೆಕ್ಕೆ ಬಿಚ್ಚುತ್ತದೆ. ನಮ್ಮ ಹವೆಯಲ್ಲಿ ಇದೆಲ್ಲ ಸುಮಾರು ಒಂದು ತಿಂಗಳ ಆಟ. ರೆಕ್ಕೆ ಬಂದಮೇಲೆ ಪಾಪ, ನಾಲ್ಕು ದಿನದ ಬದುಕು.

ಮರಿಹುಳದ ಮೈ ರಕ್ತಗೆಂಪು. ನಮ್ಮ ನೆತ್ತರಿನಂತೆ ಅದರಲ್ಲೂ ಹಿಮೋಗ್ಲೋಬಿನ್ ಇದೆ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿಗೆಂದು ಮಾರುವ ‘ಬ್ಲಡ್ ವರ್ಮ್’ ಇದೇ. ಗಾಳಿಯಂಶವೇ ಇಲ್ಲದಂಥ ಕೊಳಕು ನೀರಲ್ಲೂ ಅದು ಬದುಕೋದು ಆ ಕೆಂಪಿನ ಬಲದಿಂದ. ಒಳ್ಳೆ ಕೆರೆಯಲ್ಲೂ ಇರುತ್ತದೆ, ಆದರೆ ಅಲ್ಲಿ ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ತಿಂದು ಹದದಲ್ಲಿಡುತ್ತವೆ. ಮೀನು ಸತ್ತ ಕೆರೆಯಲ್ಲಿ ತಿನ್ನೋರಿಲ್ಲ, ಊಟ ಮಾತ್ರ ಬೇಕಾದಷ್ಟು!

ಆ ಊಟ ಬಡಿಸುತ್ತಿರುವವರು ಯಾರು? ಪಟ್ಟಣದ ಚರಂಡಿ, ಬಾಶೆಟ್ಟಿಹಳ್ಳಿ ಕೈಗಾರಿಕೆಗಳ ನೀರು ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗೆ ಸೇರುತ್ತಿದೆ ಎಂದು ಮಜರಾಹೊಸಹಳ್ಳಿ, ದೊಡ್ಡತುಮಕೂರು ಪಂಚಾಯಿತಿಗಳ ಜನ ಬೀದಿಗಿಳಿದು ಹೋರಾಡಿದ್ದಾರೆ. ಅತ್ತ ದೇವನಹಳ್ಳಿ ಕಡೆ ಹೆಬ್ಬಾಳ–ನಾಗವಾರ ಯೋಜನೆಯಲ್ಲಿ ಕೆರೆಗೆ ಬರುವುದು ಎರಡೇ ಹಂತ ಶುದ್ಧವಾದ ನೀರು. ಮೂರನೇ ಹಂತ ಕೇಳಿದವರಿಗೆ ಸಿಕ್ಕಿದ್ದು ಸಬೂಬು. ಎರಡನೇ ಹಂತ ದಾಟಿದ ನೀರಲ್ಲೂ ಸಾರಜನಕ, ರಂಜಕ ಉಳಿದಿರುತ್ತವೆ, ಅದರಿಂದ ಪಾಚಿ ಕೊಬ್ಬುತ್ತದೆ.

ಹೊಗೆ ಹೊಡೆದರೆ ಸಾಯೋದು ಹೇಗೂ ನಾಲ್ಕು ದಿನಕ್ಕೆ ಸಾಯುವ ಹುಳ. ಕೆಸರಿನ ಮರಿಗೆ ಏನೂ ಆಗೋಲ್ಲ. ಡೆಂಗಿಯ ಈಡಿಸ್ ಸೊಳ್ಳೆಯಂತೂ ಕೆರೆಯಲ್ಲೇ ಇಲ್ಲ, ಮನೆ ಹಿಂದಿನ ಡ್ರಮ್ಮು, ಟೈರಿನ ತಿಳಿನೀರಲ್ಲಿ ಹುಟ್ಟಿ ಹಗಲಲ್ಲೇ ಕಚ್ಚುತ್ತದೆ. ಹೊಗೆಗೆ ಸುರಿಯುವ ದುಡ್ಡಿನಲ್ಲಿ ಆ ಡ್ರಮ್ಮುಗಳನ್ನು ತೊಳೆಸಬಾರದೇ?

ಕಚ್ಚದಿದ್ದರೂ ತಾಪತ್ರಯ ಇಲ್ಲವೆಂದಲ್ಲ. ಸುಡಾನಿನ ನೈಲ್ ದಡದಲ್ಲಿ ಇದರ ಬಳಗದ್ದೇ ಹುಳದಿಂದ ಎಷ್ಟೋ ಜನಕ್ಕೆ ಉಬ್ಬಸ ಹತ್ತಿತ್ತು. ಸತ್ತ ಹುಳದ ಪುಡಿಯೇ ಕಾರಣ. ಆದ್ದರಿಂದ ಉಬ್ಬಸದವರಿರುವ ಮನೆಯಲ್ಲಿ ಮುಸ್ಸಂಜೆ ಹೊರಗಿನ ದೀಪ ಆರಿಸಿ, ಕಿಟಕಿಗೆ ಪರದೆ ಬಿಡಿ. ಬೆಳಿಗ್ಗೆ ಪೊರಕೆ ಆಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.