ಸೂರಿನಿಂದ ಶುರುವಾಗುವ ದೋಣಿ

ಕೇರಳದ ಆಲಪ್ಪುಳ, ಕುಮರಗಂ, ಕೊಲ್ಲಂ ಹಿನ್ನೀರುಗಳಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುವ ದೋಣಿಮನೆಗಳ ಮೂಲ ಒಂದು ಸರಕಿನ ದೋಣಿ. ಅದರ ಹೆಸರು ಕೆಟ್ಟುವಳ್ಳಂ. ಮಲಯಾಳದಲ್ಲಿ ಕೆಟ್ಟು ಎಂದರೆ ಕಟ್ಟು, ವಳ್ಳಂ ಎಂದರೆ ದೋಣಿ. ಕುಟ್ಟನಾಡಿನ ಗದ್ದೆಗಳ ಭತ್ತ ಕೊಚ್ಚಿಗೆ ಸಾಗುತ್ತಿದ್ದುದು ಇವುಗಳಲ್ಲಿ. ದೊಡ್ಡವು 30 ಟನ್ನಿನ ತನಕ ಹೊರುತ್ತಿದ್ದವು. ಜಲ್ಲೆ ಊರಿ ದೋಣಿ ನೂಕುವವರು ಅದರಲ್ಲೇ ಅಡುಗೆ ಮಾಡಿಕೊಂಡು, ಅದರಲ್ಲೇ ಮಲಗುತ್ತಿದ್ದರು. ರಸ್ತೆ, ಸೇತುವೆಗಳಾಗಿ ಲಾರಿಗಳು ಓಡತೊಡಗಿದ ಮೇಲೆ ಈ ದೋಣಿಗಳಿಗೆ ಕೆಲಸ ಇಲ್ಲದಾಯಿತು. 1990ರ ದಶಕದ ಆರಂಭದಲ್ಲಿ ಅದೇ ಒಡಲಿನ ಮೇಲೆ ಮಲಗುವ ಕೋಣೆ, ಬಚ್ಚಲು, ಅಡುಗೆಮನೆ ಎದ್ದವು. ಸೆಕೆಯ ನಾಡಿನ ನೀರಿನ ಮೇಲೆ ಮನೆ ಕಟ್ಟುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಈ ದೋಣಿಯ ಹಲಗೆಗಳು ಹೆಚ್ಚಾಗಿ ಆಂಞಿಲಿ ಮರದವು. ಅದು ನಮ್ಮ ಮಲೆನಾಡು, ಕರಾವಳಿಯವರಿಗೆ ಗೊತ್ತಿರುವ ಹೆಬ್ಬಲಸು. ನೆಟ್ಟಗೆ, ಎತ್ತರಕ್ಕೆ ಬೆಳೆಯುವುದರಿಂದ ಉದ್ದುದ್ದ ಹಲಗೆ ಸಿಗುತ್ತದೆ. ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಸಾಂಪ್ರದಾಯಿಕ ಕೆಲಸದಲ್ಲಿ ಒಡಲಿಗೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಹಲಗೆಯ ಅಂಚುಗಳ ಉದ್ದಕ್ಕೂ ಸಾಲಾಗಿ ತೂತು ಕೊರೆದು, ಎರಡು ಹಲಗೆ ಕೂಡುವ ಸಂದಿನ ಮೇಲೆ ತೆಂಗಿನ ನಾರನ್ನು ಒತ್ತಾಗಿ ಇಟ್ಟು, ಹುರಿಯಿಂದ ಹೊಲಿಯುತ್ತಾರೆ. ಒಬ್ಬ ಒಡಲಿನ ಒಳಗೆ, ಇನ್ನೊಬ್ಬ ಹೊರಗೆ. ಒಳಗಿನವನು ತೂರಿಸಿದ ಹುರಿಯನ್ನು ಹೊರಗಿನವನು ಹಿಡಿದು, ಬಿಗಿಯಾಗಿ ಜಗ್ಗಿ, ಮುಂದಿನ ತೂತಿನಿಂದ ಮರಳಿ ಕಳಿಸುತ್ತಾನೆ. ಒಂದು ಹೊಲಿಗೆ ಸಡಿಲವಾದರೂ ನೀರು ಅಲ್ಲೇ ದಾರಿ ಹುಡುಕುತ್ತದೆ. ಕೊನೆಗೆ ತೂತುಗಳನ್ನು ನಾರಿನಿಂದ ಬಿಗಿದು, ಗೇರುಬೀಜದ ಸಿಪ್ಪೆಯಿಂದ ತೆಗೆದು ಕುದಿಸಿದ ಕಪ್ಪು ಎಣ್ಣೆಯನ್ನು ಒಡಲಿಗೆಲ್ಲ ಬಳಿಯುತ್ತಾರೆ. ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಅದೇ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಸಿದ ತೆಂಗಿನ ಸಿಪ್ಪೆಯಿಂದ ಬಿಡಿಸಿದ ನಾರು ಮಾತ್ರ ಉಪ್ಪುನೀರಿಗೆ ಹೆದರುವುದಿಲ್ಲ. ಹೊಲಿದ ಒಡಲಿಗೆ ಒಂದಿಷ್ಟು ಬಾಗುವ ಗುಣವೂ ಇರುತ್ತದೆ. ದಂಡೆಗೋ ದಿಣ್ಣೆಗೋ ತಾಗಿದರೆ ಸೀಳುವ ಬದಲು ತುಸು ಬಳುಕುತ್ತದೆ.

ಈ ವಿದ್ಯೆ ಅಳಿದುಹೋಗಿಲ್ಲ ಎಂಬುದಕ್ಕೆ ಕಾರವಾರವೇ ಸಾಕ್ಷಿ. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡು ಕೇರಳದ ಕುಶಲಕರ್ಮಿಗಳು ಹೊಲಿದು ಕಟ್ಟಿದ ಹಾಯಿಹಡಗು ಕೌಂಡಿನ್ಯ, 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು.

ಒಡಲು ದೋಣಿಯನ್ನು ತೇಲಿಸುತ್ತದೆ. ಒಳಗಿರುವವರನ್ನು ಕಾಯುವುದು ಮಾಡು. ಬಿಸಿನಾಡಿನ ದೋಣಿಮನೆಯ ನಕ್ಷೆಯನ್ನು ಮೇಲಿನಿಂದ ಕೆಳಕ್ಕೆ ಬಿಡಿಸಬೇಕು ಎನ್ನುವುದು ಅದಕ್ಕೇ. ಆಲಪ್ಪುಳ ಇರುವುದು ಭೂಮಧ್ಯರೇಖೆಯಿಂದ ಸುಮಾರು ಒಂಬತ್ತೂವರೆ ಡಿಗ್ರಿ ಉತ್ತರಕ್ಕೆ. ಏಪ್ರಿಲ್ ಮಧ್ಯದಲ್ಲಿ ಮತ್ತು ಆಗಸ್ಟ್ ಕೊನೆಗೆ ನಡುಹಗಲಿನ ಸೂರ್ಯ ಅಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗಿಂತ ಮಾಡೇ ಹೆಚ್ಚು ಕಾಯುತ್ತದೆ. ಕೆಟ್ಟುವಳ್ಳದ ಮಾಡು ಬಿದಿರು, ಅಡಿಕೆ ದಬ್ಬೆಗಳ ಬಾಗಿದ ಪಕ್ಕೆಗಳ ಮೇಲೆ ಹೆಣೆದ ಚಾಪೆ ಹೊದಿಸಿದ್ದು. ಈ ಚಾಪೆಗೆ ಅಲ್ಲಿ ಪನಂಬು ಎನ್ನುತ್ತಾರೆ. ಹೆಣಿಗೆಯ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ತಡೆಯುತ್ತದೆ. ತಗಡಿನಂತೆ ಅದು ಬಿಸಿಲನ್ನು ಹೀರಿ ರಾತ್ರಿ ಒಂಬತ್ತಕ್ಕೂ ಒಳಗೆ ಉಗುಳುತ್ತಾ ಕೂರುವುದಿಲ್ಲ. ಹೊಸದಾಗಿ ಕಟ್ಟುವವರು ತಗಡೋ ಫೈಬರೋ ಹಾಕಲೇಬೇಕಾದರೆ ಎರಡು ಪದರ ಮಾಡಿ, ನಡುವೆ ಒಂದು ಗೇಣು ಜಾಗ ಬಿಟ್ಟು, ಎರಡು ತುದಿಗಳನ್ನೂ ತೆರೆದಿಡಬೇಕು. ಕಾದ ಗಾಳಿ ಆ ಸಂದಿನಿಂದಲೇ ಹೊರಟುಹೋಗುತ್ತದೆ.

ನೆಲದ ಮೇಲಿನ ಮನೆಗಿಲ್ಲದ ಇನ್ನೊಂದು ತೊಂದರೆ ದೋಣಿಗುಂಟು. ಬೆಳಗ್ಗೆ, ಸಂಜೆ ಸೂರ್ಯ ತಗ್ಗಿದಾಗ ನೀರು ಕನ್ನಡಿಯಾಗುತ್ತದೆ. ಬಿಸಿಲು ಕೆಳಗಿನಿಂದ ಮೇಲಕ್ಕೆ ಎದ್ದು ಸೂರಿನಡಿ ನುಗ್ಗುತ್ತದೆ. ಸೂರನ್ನು ಎಷ್ಟು ಮುಂದಕ್ಕೆ ಚಾಚಿದರೂ ಈ ಬೆಳಕು ನಿಲ್ಲದು. ಅದಕ್ಕೆ ಬೇಕಾದುದು ಇಳಿಬಿಡುವ ತಟ್ಟಿ. ಬೇಕಾದಾಗ ಎತ್ತಿ ಕೋಲು ಕೊಟ್ಟು ನಿಲ್ಲಿಸುವ, ಬೇಡವಾದಾಗ ಇಳಿಸುವ ಈ ತಟ್ಟಿಯೇ ಹಳೆಯ ದೋಣಿಗಳ ಕಿಟಕಿ. ಅದರ ಜಾಗದಲ್ಲಿ ಅಗಲದ ಗಾಜು ಕೂರಿಸಿದರೆ ನೋಟವೇನೋ ಚೆಂದ, ಆದರೆ ಕೋಣೆ ಒಲೆಯಾಗುತ್ತದೆ.

ಇನ್ನು ಗಾಳಿ. ಈ ಸೀಮೆಯಲ್ಲಿ ಬಿಸಿಯ ಜತೆಗೆ ತೇವವೂ ಇದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಆರಬೇಕಾದರೆ ಗಾಳಿ ಮೈಮೇಲೆ ಹರಿಯಬೇಕು. ಆದ್ದರಿಂದ ಕೋಣೆಗಳನ್ನು ಒಂದರ ಹಿಂದೊಂದು ಕೂಡಿಸುವಾಗ ಪ್ರತಿ ಕೋಣೆಗೂ ಎಡಬಲ ಎರಡೂ ಕಡೆ ಕಿಂಡಿ ಸಿಗುವಂತೆ ಓಣಿಯನ್ನು ಇಡುವುದು ಜಾಣತನ. ಅಡುಗೆಮನೆ ಹಿಂತುದಿಯಲ್ಲೇ ಇರಲಿ, ಅದರ ಶಾಖ, ಹೊಗೆ ಹಿಂದಕ್ಕೇ ಹೋಗಲಿ. ಮುಂಭಾಗದ ತೆರೆದ ಅಟ್ಟಣೆ ದೋಣಿಯ ಜಗಲಿ. ಹಗಲೆಲ್ಲ ಜನ ಇರುವುದು ಅಲ್ಲೇ. ಕೋಣೆಗಳನ್ನು ಕಿರಿದು ಮಾಡಿಯಾದರೂ ಜಗಲಿಗೆ ಜಾಗ ಕೊಟ್ಟವರು ಪಶ್ಚಾತ್ತಾಪ ಪಡಬೇಕಿಲ್ಲ. ದೋಣಿಗೆ ಮನೆಗಿಲ್ಲದ ಒಂದು ಭಾಗ್ಯವೂ ಇದೆ: ಅದನ್ನು ತಿರುಗಿಸಬಹುದು. ಮೂತಿಯ ಕಡೆಯಿಂದ ಒಂದೇ ಲಂಗರು ಬಿಟ್ಟರೆ, ಹರಿವು ಜೋರಿಲ್ಲದ ಕೆರೆಯಂಥ ನೀರಿನಲ್ಲಿ ದೋಣಿ ತಾನಾಗಿ ಗಾಳಿಗೆ ಮುಖ ಮಾಡುತ್ತದೆ. ದಂಡೆಗೆ ಎರಡೂ ತುದಿ ಬಿಗಿದರೆ ಆ ಭಾಗ್ಯ ಹೋಯಿತು.

ಮಾಲೀಕರಿಗೆ ಆಸೆ ಹುಟ್ಟುವುದು ಎರಡನೇ ಮಹಡಿಯ ಮೇಲೆ. ಅಪಾಯ ಹುಟ್ಟುವುದೂ ಅಲ್ಲೇ. ಭತ್ತದ ಮೂಟೆಗಳು ಒಡಲಿನ ತಳದಲ್ಲಿದ್ದವು. ಭಾರ ಕೆಳಗಿದ್ದುದರಿಂದ ದೋಣಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಮೂಟೆ ಇಳಿಸಿ ಮೇಲೆ ಕೋಣೆ ಕಟ್ಟಿದಾಗ ಭಾರದ ಕೇಂದ್ರ ಮೇಲಕ್ಕೇರುತ್ತದೆ, ಗಾಳಿ ತಳ್ಳುವ ಮೈಯೂ ಹಿಗ್ಗುತ್ತದೆ. 60 ಕಿಲೋದ 50 ಮಂದಿ ಮೇಲಂತಸ್ತಿನಲ್ಲಿ ನಿಂತರೆ ಮೂರು ಟನ್ ಭಾರ ತಲೆಯ ಮೇಲೆ ಕೂತಂತೆ. ಆ ಭಾರ ನಿಂತಲ್ಲಿ ನಿಲ್ಲುವುದೂ ಇಲ್ಲ. ದಡದಲ್ಲೇನೋ ಕಂಡರೆ ಎಲ್ಲರೂ ಒಂದೇ ಮಗ್ಗುಲಿಗೆ ಧಾವಿಸುತ್ತಾರೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. 2023ರ ಮೇ 7ರಂದು ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 22 ಮಂದಿ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಮಹಡಿ ಬೇಕೇಬೇಕೆಂದರೆ ಒಡಲಿನ ಅಗಲವನ್ನು ಮೊದಲೇ ಲೆಕ್ಕ ಹಾಕಿ ಕಟ್ಟಬೇಕು. ಹಳೆಯ ಒಡಲಿನ ಮೇಲೆ ಆಮೇಲೆ ಏರಿಸುವುದು ಸಲ್ಲದು. ನೀರಿನ ಟ್ಯಾಂಕು, ಬ್ಯಾಟರಿ, ಜನರೇಟರ್ ಎಲ್ಲವೂ ತಳದಲ್ಲೇ ಇರಬೇಕು.

ಎಸಿ ಇಲ್ಲದೆ ಈಗ ಗಿರಾಕಿಗಳು ಬರುವುದು ಕಡಿಮೆ. ಹಲವು ದೋಣಿಗಳಲ್ಲಿ ಅದು ಓಡುವುದು ರಾತ್ರಿ ಮಾತ್ರ, ಡೀಸೆಲ್ ಜನರೇಟರಿನ ಸದ್ದಿನ ಜತೆ. ಒಂದು ಟನ್ನಿನ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ವಿದ್ಯುತ್ ತಿನ್ನುತ್ತದೆ. ಮೂರು ಕೋಣೆಗೆ ಒಂಬತ್ತು ಗಂಟೆ ಎಂದರೆ ಹೆಚ್ಚೆಂದರೆ 27 ಯೂನಿಟ್. 20 ಮೀಟರ್ ಉದ್ದ, 4 ಮೀಟರ್ ಅಗಲದ ಮಾಡಿನ ತುಂಬ ಸೌರಫಲಕ ಹಾಸಿದರೆ ಒಳ್ಳೆಯ ಬಿಸಿಲಿನ ದಿನ ಅದರ ಎರಡರಷ್ಟು ಸಿಗಬಹುದು. ಫಲಕಗಳ ನೆರಳು ಮಾಡಿಗೂ ತಂಪು. ಆದರೆ ಅವು ಸುಮಾರು ಒಂದು ಟನ್ ತೂಗುತ್ತವೆ ಎಂಬುದನ್ನು ಮರೆಯುವಂತಿಲ್ಲ. ಒಂದಂತಸ್ತಿನ ದೋಣಿಗೆ ಸರಿ, ಎರಡಂತಸ್ತಿಗೆ ಮತ್ತೆ ಲೆಕ್ಕ ಹಾಕಬೇಕು. ಸೂರ್ಯನ ಬಲದಲ್ಲೇ ದೋಣಿ ಓಡೀತೇ ಎಂಬ ಅನುಮಾನಕ್ಕೆ ವೈಕಂ ಮತ್ತು ತವಣಕ್ಕಡವು ನಡುವೆ 2017ರ ಜನವರಿಯಿಂದ ಓಡುತ್ತಿರುವ 75 ಆಸನಗಳ ಆದಿತ್ಯ ಉತ್ತರ ಕೊಟ್ಟಿದೆ. ಎರಡು ತೆಳ್ಳನೆಯ ಒಡಲುಗಳನ್ನು ಜೋಡಿಸಿದ ಆ ದೋಣಿಯ ಮಾಡಿನ ಮೇಲಿರುವುದು 20 ಕಿಲೋವ್ಯಾಟಿನ ಫಲಕ. ತೆಳ್ಳನೆಯ ಒಡಲು ನೀರನ್ನು ಕಡಿಮೆ ತಳ್ಳುತ್ತದೆ, ಜೋಡಿ ಒಡಲು ಅಗಲವಾಗಿ ನಿಲ್ಲುತ್ತದೆ. ದೋಣಿಮನೆಗೂ ಒಪ್ಪುವ ಆಕಾರ ಅದು. ವೇಗದ ಹಂಬಲವನ್ನು ಮಾತ್ರ ಬಿಡಬೇಕು. ವೇಗ ಎರಡರಷ್ಟಾದರೆ ಬೇಕಾಗುವ ಬಲ ಎಂಟರಷ್ಟೋ ಅದಕ್ಕೂ ಹೆಚ್ಚೋ ಆಗುತ್ತದೆ. ಅಲೆ ಎದ್ದು ಕಾಲುವೆಯ ದಂಡೆಯೂ ಕೊರೆಯುತ್ತದೆ; ಆ ದಂಡೆಯ ಆಚೆ ಇರುವುದು ಸಮುದ್ರಮಟ್ಟಕ್ಕಿಂತ ತಗ್ಗಿನ ಗದ್ದೆಗಳು.

ಶೌಚದ ನೀರಿನ ವಿಷಯದಲ್ಲಿ ರಾಜಿ ಕೂಡದು. ಆಲಪ್ಪುಳ, ಕುಮರಗಂಗಳ ವೇಂಬನಾಡು ಸರೋವರ 2002ರಲ್ಲಿ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಜೌಗುಪ್ರದೇಶ. ಅದಕ್ಕೂ ಹತ್ತಿರದ ಮಾತೆಂದರೆ, ಕಾಲುವೆಯ ಮೆಟ್ಟಿಲಲ್ಲಿ ಕೂತು ಹೆಂಗಸರು ಪಾತ್ರೆ ತೊಳೆಯುವುದು, ಮಕ್ಕಳು ಮೀಯುವುದು ಅದೇ ನೀರಿನಲ್ಲಿ. ಎಲ್ಲರ ಹೊಲಸೂ ಒಂದು ಹನಿ ಹೊರಗೆ ಹೋಗದಂತೆ ಹಿಡಿಯುವ ಟ್ಯಾಂಕು, ಅದನ್ನು ದಡದ ಶುದ್ಧೀಕರಣ ಘಟಕಕ್ಕೆ ಪಂಪು ಮಾಡಲು ಕೊಳವೆಬಾಯಿ, ಇವೆರಡನ್ನೂ ನಕ್ಷೆಯಲ್ಲೇ ಗುರುತಿಸಬೇಕು. ತುಂಬಿದ ಟ್ಯಾಂಕು ಒಂದೇ ಮಗ್ಗುಲಿಗೆ ಇದ್ದರೆ ದೋಣಿ ವಾಲುತ್ತದೆ; ಹಾಗಾಗಿ ಅದು ನಡುಗೆರೆಯ ಮೇಲೇ ಕೂರಬೇಕು.

ಕಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ನೀರಿನ ಮೇಲಿನ ಹಲಗೆ ಬಿಸಿಲಿಗೆ ಒಣಗಿ ಬಿರಿಯುತ್ತದೆ, ನೀರಿನೊಳಗಿನದನ್ನು ಉಪ್ಪುನೀರಿನ ಮರಕೊರಕ ಹುಳು ತಿನ್ನುತ್ತದೆ. ಇದಕ್ಕೆ ಹೆದರಿ ಹಲವರು ಒಡಲಿಗೆ ಫೈಬರ್ ಹೊದಿಸುತ್ತಾರೆ, ಕೆಲವರು ಉಕ್ಕಿಗೇ ಹೋಗಿದ್ದಾರೆ. ಉಕ್ಕು ಕಾಯುತ್ತದೆ, ತುಕ್ಕು ಹಿಡಿಯುತ್ತದೆ. ಫೈಬರಿನಡಿ ತೇವ ಸಿಕ್ಕಿಕೊಂಡರೆ ಮರ ಕಣ್ಣಿಗೆ ಕಾಣದಂತೆ ಒಳಗೇ ಮೆತ್ತಗಾಗುತ್ತದೆ. ಹೊಲಿದ ದೋಣಿಯ ರೋಗ ಹೊರಗೇ ಕಾಣುತ್ತದೆ. ಅದನ್ನು ದಡಕ್ಕೆಳೆದು, ಜೀರ್ಣವಾದ ಹುರಿಯನ್ನು ಕತ್ತರಿಸಿ ತೆಗೆದು, ಕೆಟ್ಟ ಹಲಗೆಯೊಂದನ್ನಷ್ಟೇ ಬದಲಿಸಿ, ಹಳೆಯ ತೂತುಗಳಲ್ಲೇ ಹೊಸ ಹುರಿ ಪೋಣಿಸಿ, ಗೇರೆಣ್ಣೆ ಬಳಿದು ಮತ್ತೆ ನೀರಿಗಿಳಿಸುತ್ತಾರೆ.