ಹೊತ್ತವರ ಹೆಸರೇನು?

2020ರ ಲಾಕ್‌ಡೌನ್ ದಿನಗಳಲ್ಲಿ ನಮ್ಮೆಲ್ಲರ ಮೊಬೈಲ್‌ಗೂ ಬಂದಿದ್ದ ಆ ವಿಡಿಯೊ ನೆನಪಿದೆಯೇ? ಸೂಟು, ಕಪ್ಪು ಕನ್ನಡಕ ತೊಟ್ಟ ಗಂಡಸರು ಶವಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಕುಣಿಯುತ್ತಿರುತ್ತಾರೆ. ಯಾರೋ ಬೈಕ್‌ನಿಂದ ಜಾರಿ ಬೀಳುತ್ತಾರೆ, ಮರುಕ್ಷಣವೇ ಇವರು ಪ್ರತ್ಯಕ್ಷ! ನಕ್ಕೆವು, ಗ್ರೂಪಿನಿಂದ ಗ್ರೂಪಿಗೆ ಕಳಿಸಿದೆವು. ಇವರು ಯಾರು ಎಂದು ಕೇಳಿದವರು ಕಡಿಮೆ.

ಅವರು ಪಶ್ಚಿಮ ಆಫ್ರಿಕಾದ ಘಾನಾ ದೇಶದವರು. ತಂಡದ ಮುಖ್ಯಸ್ಥ ಬೆಂಜಮಿನ್ ಐಡೂ. ಅಂತಿಮಯಾತ್ರೆ ಗಂಭೀರವಾಗಿರಬೇಕೋ, ಕುಣಿತ ಬೇಕೋ ಎಂದು ಮೃತರ ಮನೆಯವರನ್ನೇ ಕೇಳಿ ಅದರಂತೆ ನಡೆಸಿಕೊಡುವುದು ಇವರ ವೃತ್ತಿ. 2017ರಲ್ಲಿ ಬಿಬಿಸಿ ಇವರ ಬಗ್ಗೆ ವರದಿ ಮಾಡುವ ಹೊತ್ತಿಗೆ ಐಡೂ ನೂರರಷ್ಟು ಯುವಕ ಯುವತಿಯರಿಗೆ ಕೆಲಸ ಕೊಟ್ಟಿದ್ದರು. ನಾವು ತಮಾಷೆ ಎಂದುಕೊಂಡದ್ದು ಅಲ್ಲಿ ಹಲವರ ಮನೆ ನಡೆಸುತ್ತಿದ್ದ ಉದ್ಯೋಗ.

ಹೊರುವ ಕೆಲಸವೇ ಹಾಗೆ. ಎಲ್ಲರ ಕಣ್ಣು ಮೇಲಿರುವುದರ ಮೇಲೆ, ಕೆಳಗಿರುವ ಹೆಗಲು ಕಾಣುವುದೇ ಇಲ್ಲ. ಎಂಜಿನಿಯರಿಂಗ್ ಓದುವ ನಮಗೆ ಯಂತ್ರದ ಬೇರಿಂಗ್ ಗೊತ್ತು. ತಿರುಗುವ ಶಾಫ್ಟಿನ ಭಾರವನ್ನೆಲ್ಲ ಅದು ಹೊರುತ್ತದೆ. ಆದರೆ ಅದು ಸದ್ದು ಮಾಡಲು ಶುರು ಮಾಡಿದ ದಿನವೇ ಅದರ ಕಡೆ ಗಮನ ಹೋಗುವುದು.

ಉತ್ಸವದ ಹೆಗಲು

ಮೈಸೂರಿನ ಜಂಬೂಸವಾರಿಯನ್ನೇ ನೋಡಿ. ಸುಮಾರು 750 ಕೆ.ಜಿ ತೂಕದ ಚಿನ್ನದ ಅಂಬಾರಿಯನ್ನು ಹೊತ್ತು ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯಬೇಕು. ಅದಕ್ಕಾಗಿ ವಾರಗಟ್ಟಲೆ ತಾಲೀಮು. ಮೊದಲು ಬರಿ ಬೆನ್ನಿನ ನಡಿಗೆ, ಆಮೇಲೆ ಮರಳಿನ ಮೂಟೆ, ದಿನ ಕಳೆದಂತೆ ಇನ್ನಷ್ಟು ಮೂಟೆ, ಕೊನೆಗೆ ಮರದ ಅಂಬಾರಿ. ಬೆನ್ನು ಉಜ್ಜದಿರಲೆಂದು ಅಂಬಾರಿಯ ಕೆಳಗೆ ನಮ್ದಾ, ಗಾದಿ ಕಟ್ಟುತ್ತಾರೆ. ಅಕ್ಕಪಕ್ಕದಲ್ಲಿ ಕುಮ್ಕಿ ಆನೆಗಳು ಜೊತೆಯಾಗಿ ಹೆಜ್ಜೆ ಹಾಕುತ್ತವೆ. 60 ವರ್ಷ ದಾಟಿದ ಆನೆಯ ಮೇಲೆ ಇಂಥ ಭಾರ ಹೊರಿಸುವಂತಿಲ್ಲ. ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಆ ಕಾರಣಕ್ಕೇ ನಿವೃತ್ತನಾಗಿ, 2020ರಲ್ಲಿ ಹೊಣೆ ಅಭಿಮನ್ಯುವಿಗೆ ಬಂತು.

ಬೆಂಗಳೂರು ಕರಗದಲ್ಲೂ ಇದೇ ಎಚ್ಚರ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗವನ್ನು ತಿಗಳ ಸಮುದಾಯದ ಒಬ್ಬರು ಕೈಯಿಂದ ಮುಟ್ಟದೆ ತಲೆಯ ಮೇಲೆ ಹೊತ್ತು ಸಾಗುತ್ತಾರೆ. ತಲೆ ಒಬ್ಬರದೇ ಆದರೂ ಅವರು ಒಂಟಿಯಲ್ಲ. ಕತ್ತಿ ಹಿರಿದ ವೀರಕುಮಾರರ ದಂಡೇ ಸುತ್ತ ಕಾವಲಿಗಿರುತ್ತದೆ.

ತಾಲೀಮು, ಜೊತೆಗಾರರು, ಭಾರಕ್ಕೊಂದು ಮಿತಿ: ಈ ಮೂರೂ ಇದ್ದಾಗ ಹೊರುವುದು ಗೌರವದ ಕೆಲಸ.

ಗುಂಡಿನ ನಡುವೆ

ಯುದ್ಧಭೂಮಿಯಲ್ಲಿ ಮಿತಿ ಹೇಳುವವರು ಯಾರು? 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಶುರುವಾದಾಗ, ಅಲ್ಲಿದ್ದ ಗಾಂಧೀಜಿ ಗಾಯಾಳುಗಳನ್ನು ಹೊರಲು ಭಾರತೀಯರ ತಂಡ ಕಟ್ಟಿದರು. ಸುಮಾರು 1,100 ಮಂದಿಯಲ್ಲಿ 800ರಷ್ಟು ಜನ ಕರಾರಿನ ಮೇಲೆ ಕಬ್ಬಿನ ತೋಟಗಳಿಗೆ, ಗಣಿಗಳಿಗೆ ಬಂದಿದ್ದ ಕೂಲಿಗಳು. ಗುಂಡು ಹಾರುವ ಜಾಗಕ್ಕೆ ಇವರು ಹೋಗಬೇಕಿಲ್ಲ ಎಂಬ ಮಾತಾಗಿತ್ತು. ಆದರೆ 1900ರ ಜನವರಿಯಲ್ಲಿ ಸ್ಪಿಯಾನ್ ಕಾಪ್ ಗುಡ್ಡದಲ್ಲಿ ಬ್ರಿಟಿಷರಿಗೆ ಪೆಟ್ಟು ಬಿದ್ದಾಗ ಅಲ್ಲಿಗೂ ಹೋದರು. ಡೋಲಿಯಲ್ಲಿ ಗಾಯಾಳುಗಳನ್ನು ಹೊತ್ತು ದಿನಕ್ಕೆ 20–25 ಮೈಲಿ ನಡೆದದ್ದೂ ಉಂಟು. ಯುದ್ಧ ಮುಗಿದ ಮೇಲೆ ಪದಕ ಬಂದದ್ದು ಮುಂದಾಳುಗಳೆನಿಸಿದ 37 ಮಂದಿಗೆ. ಉಳಿದ ಸಾವಿರಕ್ಕೂ ಹೆಚ್ಚು ಹೆಗಲುಗಳು ಹೆಸರಿಲ್ಲದೆ ಮರಳಿದವು.

ಹೆಸರು ಉಳಿದವರೂ ಇದ್ದಾರೆ. ಕೊಲ್ಲುವುದು ತನ್ನ ಧರ್ಮಕ್ಕೆ ಒಪ್ಪದೆಂದ ಬ್ರಿಟನ್ನಿನ ವಿಲಿಯಂ ಕೋಲ್ಟ್‌ಮನ್ ಮೊದಲ ಮಹಾಯುದ್ಧದಲ್ಲಿ ಸ್ಟ್ರೆಚರ್ ಹೊರುವ ಸಿಪಾಯಿಯಾದ. 1918ರ ಅಕ್ಟೋಬರ್‌ನಲ್ಲಿ ಸೈನ್ಯ ಹಿಂದೆ ಸರಿದಾಗ ಗಾಯಾಳುಗಳು ಅಲ್ಲೇ ಉಳಿದಿದ್ದಾರೆಂದು ತಿಳಿದು, ಮೂರು ಸಲ ಒಬ್ಬನೇ ಹೋಗಿ ಅವರನ್ನು ಬೆನ್ನ ಮೇಲೆ ಹೊತ್ತು ತಂದ. ಒಂದು ಗುಂಡೂ ಹಾರಿಸದ ಅವನಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಂದಿತು.

ಇರುವೆಯೂ ಹೊರುತ್ತದೆ

ಮನುಷ್ಯರಿಗಿಂತ ಎಷ್ಟೋ ಮೊದಲೇ ಈ ಕೆಲಸ ಪ್ರಕೃತಿಯಲ್ಲಿತ್ತು. ಸತ್ತ ಇರುವೆಯನ್ನು ಜೊತೆಯವು ಗೂಡಿನಿಂದ ಹೊತ್ತೊಯ್ದು ಕಸದ ರಾಶಿಗೆ ಹಾಕುತ್ತವೆ. ಸತ್ತ ದೇಹದಿಂದ ಬರುವ ಓಲಿಯಿಕ್ ಆಮ್ಲದ ವಾಸನೆಯೇ ಅವುಗಳಿಗೆ ಸೂಚನೆ ಎಂದು ವಿಜ್ಞಾನಿ ಇ.ಒ. ವಿಲ್ಸನ್ 1950ರ ದಶಕದಲ್ಲಿ ಕಂಡುಕೊಂಡರು. ಆ ಆಮ್ಲವನ್ನು ಜೀವಂತ ಇರುವೆಗೆ ಹಚ್ಚಿದರೆ, ಅದು ಕಾಲು ಬಡಿಯುತ್ತಿದ್ದರೂ ಬಿಡದೆ ಹೊತ್ತೊಯ್ದವು! ಮೈ ಶುಚಿ ಮಾಡಿಕೊಂಡ ಮೇಲೆಯೇ ಅದಕ್ಕೆ ಗೂಡಿನೊಳಗೆ ಜಾಗ.

ನಮ್ಮ ಕೆರೆ, ಗದ್ದೆಗಳ ನೀರಿನಲ್ಲೇ ಇನ್ನೊಬ್ಬ ಹೊರೆಯಾಳು ಇದ್ದಾನೆ. ಒಂದು ಜಾತಿಯ ನೀರುತಿಗಣೆಯಲ್ಲಿ ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಬೆನ್ನಿಗೆ ಅಂಟಿಸಿ ಹೋಗುತ್ತದೆ. ಮರಿ ಹೊರಬರುವವರೆಗೆ ಗಂಡು ಅವನ್ನು ಹೊತ್ತು ತಿರುಗುತ್ತದೆ, ಗಾಳಿ ಸಿಗಲೆಂದು ನೀರಿನ ಮೇಲಕ್ಕೆ ತರುತ್ತದೆ. ಹೊರೆ ಇಳಿಯುವವರೆಗೆ ಅದು ಹಾರುವಂತಿಲ್ಲ.

ಇಳಿಸಲಾಗದ ಹೊರೆ

ಇರುವೆಗೆ, ತಿಗಣೆಗೆ ಆಯ್ಕೆಯಿಲ್ಲ, ಅದು ಅವುಗಳ ಹುಟ್ಟುಗುಣ. ಮನುಷ್ಯರ ಮೇಲೂ ಹುಟ್ಟಿನ ಹೆಸರಿನಲ್ಲಿ ಹೊರೆ ಹೊರಿಸಿದ್ದೇ ಅನ್ಯಾಯ. ಪಲ್ಲಕ್ಕಿಯಲ್ಲಿ ಕೂರುವವರು ಯಾರು, ಅದನ್ನು ಹೊರುವವರು ಯಾರು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಅದಕ್ಕಿಂತ ಕ್ರೂರವಾದದ್ದು ಮಲ ಹೊರುವ ಪದ್ಧತಿ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶಕ್ಕೆ ಕಾನೂನು ಬರಲು 1993ರವರೆಗೆ ಕಾಯಬೇಕಾಯಿತು. ಅದು ಸಾಲದೆ 2013ರಲ್ಲಿ ಮತ್ತೊಂದು ಕಾಯ್ದೆ ಬಂತು.

ಹಾಗಾಗಿ ಹೊರೆ ಎಷ್ಟು ಭಾರ ಎಂಬುದೊಂದೇ ಪ್ರಶ್ನೆಯಲ್ಲ. ಹೊತ್ತವರು ಅದನ್ನು ತಾವೇ ಒಪ್ಪಿಕೊಂಡರೇ, ಬೇಕೆಂದಾಗ ಇಳಿಸಬಲ್ಲರೇ ಎಂಬುದನ್ನೂ ಕೇಳಬೇಕು. ನಮ್ಮ ಹಿರಿಯರಿಗೆ ಇದು ಹೊಳೆದಿತ್ತು. ದಕ್ಷಿಣ ಭಾರತದ ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲುಗಂಬಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ ಇಟ್ಟಿರುವುದನ್ನು ಇಂದಿಗೂ ಕಾಣಬಹುದು. ತಲೆಹೊರೆ ಹೊತ್ತು ಒಂಟಿಯಾಗಿ ಬಂದವರು ಯಾರ ಕೈಯನ್ನೂ ಕಾಯದೆ ಅದರ ಮೇಲೆ ಹೊರೆ ಇಳಿಸಿ ದಣಿವಾರಿಸಿಕೊಂಡು, ಮತ್ತೆ ತಾವೇ ತಲೆಗೇರಿಸಿಕೊಳ್ಳಲಿ ಎಂದು ಮಾಡಿದ ಏರ್ಪಾಡು ಅದು. ತಮಿಳುನಾಡಿನಲ್ಲಿ ಅದಕ್ಕೆ ಸುಮೈತಾಂಗಿ ಎನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣಿನ ನೆನಪಿಗೆ ಅದನ್ನು ನೆಡುವ ರೂಢಿಯೂ ಅಲ್ಲಿತ್ತು. ಹೊಟ್ಟೆಯ ಹೊರೆ ಇಳಿಸಲಾಗದೆ ಹೋದವಳ ಹೆಸರಿನಲ್ಲಿ ಬೇರೆಯವರ ಹೊರೆ ಇಳಿಯಲಿ ಎಂಬ ಆಸೆ.

ಇಂದು ಬೆನ್ನಿಗೆ ಚೌಕದ ಬ್ಯಾಗ್ ಹಾಕಿಕೊಂಡು ಮಳೆಯಲ್ಲಿ ಊಟ ತರುವವರು ನಮ್ಮ ಓರಗೆಯವರೇ. ಎಷ್ಟೋ ಪದವೀಧರರು ಕೆಲಸ ಸಿಗುವವರೆಗೆ ಎಂದು ಆ ಬ್ಯಾಗ್ ಹೊತ್ತಿದ್ದಾರೆ. ಇಂಥವರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಕಾನೂನು ತನ್ನ ಕೆಲಸ ಮಾಡಲಿ. ಎಷ್ಟು ನಿಮಿಷದಲ್ಲಿ ತಲುಪಿಸಬೇಕು ಎಂಬ ಆ್ಯಪ್ ಬರೆಯುವವರು, ಇಟ್ಟಿಗೆ ಹೊತ್ತು ಮಹಡಿ ಹತ್ತುವವರಿರುವ ಕಟ್ಟಡಕ್ಕೆ ನಕ್ಷೆ ಹಾಕುವವರು ನಾಳೆ ನಾವೇ ಆಗಿರುತ್ತೇವೆ. ಹೊರೆ ಇಳಿಸುವ ಕಲ್ಲಿಗೆ ಆ ನಕ್ಷೆಯಲ್ಲಿ ಜಾಗ ಇಡುವುದು ನಮ್ಮ ಕೈಯಲ್ಲಿದೆ. ಅಲ್ಲಿಯವರೆಗೆ, ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರು ಕೊಟ್ಟು ಹೆಸರು ಕೇಳೋಣ.