ಜೈಲಿನ ಅನ್ನದ ಲೆಕ್ಕ

ತಿಗನಾರೆಯವರಿಗೆ ದೊಡ್ಡಗಾಜನೂರು ದೂರದ ಊರಲ್ಲ. ಎರಡೂ ತಾಳವಾಡಿ ಬೆಟ್ಟಸೀಮೆಯ ಊರುಗಳೇ. 2000ದ ಜುಲೈ 30ರ ರಾತ್ರಿ ಅಲ್ಲಿಂದ ಕಾಡುಗಳ್ಳ ವೀರಪ್ಪನ್ ನಟ ರಾಜ್‌ಕುಮಾರರನ್ನು ಅಪಹರಿಸಿ ಕಾಡಿಗೆ ಕರೆದೊಯ್ದದ್ದು ಎಲ್ಲರ ನೆನಪಿನಲ್ಲಿದೆ. ಅವನು ಇಟ್ಟ ಬೇಡಿಕೆಗಳಲ್ಲಿ ಒಂದನ್ನು ಮಾತ್ರ ಬಹಳ ಮಂದಿ ಮರೆತಿದ್ದಾರೆ: ಮೈಸೂರಿನ ಜೈಲಿನಲ್ಲಿರುವ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಬಂದಿಗಳನ್ನು ಬಿಡಬೇಕು. ಆಗ ಒಳಗಿದ್ದವರು 51 ಮಂದಿ.

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ಇಟ್ಟ ನೆಲಬಾಂಬ್ ಸಿಡಿದು 22 ಜನ ಸತ್ತರು. ಆಮೇಲೆ ಕರ್ನಾಟಕ-ತಮಿಳುನಾಡು ಗಡಿಯ ಎರಡೂ ಬದಿಯ ಊರುಗಳಲ್ಲಿ ಜನರನ್ನು ಹಿಡಿಯುವ ಕೆಲಸ ಜೋರಾಯಿತು. ವೀರಪ್ಪನ್‌ಗೆ ಅಕ್ಕಿ ಕೊಟ್ಟವರು, ದಾರಿ ತೋರಿಸಿದವರು, ಕೊಟ್ಟಿರಬಹುದೆಂಬ ಗುಮಾನಿಗೆ ಸಿಕ್ಕವರು ಎಲ್ಲರೂ ಒಂದೇ ಕಾಯ್ದೆಯಡಿ ಒಳಗೆ ಹೋದರು. ಟಾಡಾ 1995ರ ಮೇ ತಿಂಗಳಲ್ಲಿ ಕಾಲ ಮುಗಿದು ಬಿದ್ದುಹೋಯಿತು. ಅದರಡಿ ಹೂಡಿದ್ದ ಕೇಸುಗಳು ಮಾತ್ರ ಬೀಳಲಿಲ್ಲ.

ರಾಜ್‌ಕುಮಾರರು ಕಾಡಿನಲ್ಲಿದ್ದಾಗ ಕರ್ನಾಟಕ ಸರ್ಕಾರ ಟಾಡಾ ಆರೋಪಗಳನ್ನು ಹಿಂದೆಗೆದುಕೊಳ್ಳಲು ಹೊರಟಿತು. ವೀರಪ್ಪನ್ ತಂಡದಿಂದ ಹತರಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಕೋರ್ಟು ಆರೋಪ ಹಿಂದೆಗೆದುಕೊಳ್ಳಲು ಒಪ್ಪಲಿಲ್ಲ. ಮಗನನ್ನು ಕಳೆದುಕೊಂಡ ತಂದೆ ಕೇಳಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ಕೋರ್ಟು ತೀರ್ಪು ಕೊಟ್ಟಾಗ, ಜೈಲಿನಲ್ಲಿದ್ದವರೂ ಜಾಮೀನಿನ ಮೇಲೆ ಹೊರಗಿದ್ದವರೂ ಸೇರಿ ನೂರಕ್ಕೂ ಹೆಚ್ಚು ಆರೋಪಿಗಳು ಖುಲಾಸೆಯಾದರು. ಅಪರಾಧ ಸಾಬೀತಾದವರು ಕೈಬೆರಳೆಣಿಕೆಗಿಂತ ತುಸು ಹೆಚ್ಚು, ಅಷ್ಟೆ.

ಈಗ ಲೆಕ್ಕ ಹಾಕೋಣ. 51 ಜನ, ತಲೆಗೆ ಎಂಟು ವರ್ಷ ಎಂದಿಟ್ಟುಕೊಂಡರೆ ಸುಮಾರು ಒಂದೂವರೆ ಲಕ್ಷ ದಿನ. ಅಷ್ಟು ದಿನದ ಊಟ, ಬಟ್ಟೆ, ಔಷಧ, ಕೋರ್ಟಿಗೆ ಕರೆದೊಯ್ಯುವ ವ್ಯಾನು, ಜೊತೆಗೆ ಬಂದೂಕು ಹಿಡಿದ ಪೊಲೀಸರು. ವಾಯಿದೆ ಬಿದ್ದ ದಿನವೂ ವ್ಯಾನಿಗೆ ಡೀಸೆಲ್ ಬೇಕು.

ಒಬ್ಬ ಕೈದಿಗೆ ಸರ್ಕಾರ ಎಷ್ಟು ಖರ್ಚು ಮಾಡುತ್ತದೆ ಎಂದು ಕೇಳಿದರೆ, ಜೈಲು ಇಲಾಖೆಯ ಒಟ್ಟು ವೆಚ್ಚವನ್ನು ಕೈದಿಗಳ ಸಂಖ್ಯೆಯಿಂದ ಭಾಗಿಸಿ ಉತ್ತರ ಹೇಳುವುದು ವಾಡಿಕೆ. ಈ ಭಾಗಾಕಾರ ಅರ್ಧ ಸತ್ಯ. ಆ ವೆಚ್ಚದ ದೊಡ್ಡ ಪಾಲು ಸಿಬ್ಬಂದಿಯ ಸಂಬಳ. ಕೈದಿಗಳಿಗೆಂದೇ ಮಾಡುವ ಖರ್ಚು ಚಿಕ್ಕದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಊಟಕ್ಕೆ. ನಾಳೆ ಒಬ್ಬನನ್ನು ಬಿಟ್ಟರೆ ಉಳಿಯುವುದು ಅವನ ಅನ್ನ ಸಾರು ಮಾತ್ರ. ವಾರ್ಡರನ ಸಂಬಳ, ಗೋಡೆಯ ಸುಣ್ಣ, ದೀಪದ ಬಿಲ್ಲು ಹಾಗೇ ಇರುತ್ತವೆ. ನಿಜವಾದ ಉಳಿತಾಯ ಕಾಣುವುದು ಸಾವಿರಾರು ಜನ ಹೊರಬಂದು ಹೊಸ ಜೈಲು ಕಟ್ಟುವ ಅಗತ್ಯವೇ ತಪ್ಪಿದಾಗ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು; 100 ಜನರ ಜಾಗದಲ್ಲಿ 131 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ.

ಇಲಾಖೆಯ ಪುಸ್ತಕದಲ್ಲಿ ಬರೆಯದ ಖರ್ಚು ಬೇರೆ ಇದೆ. ಗಂಡ ಒಳಗಿದ್ದರೆ ರಾಗಿ ಹೊಲ ಬೀಳು ಬೀಳುತ್ತದೆ, ಮೇಕೆ ಮಾರಿ ವಕೀಲರ ಫೀಸು ಕಟ್ಟಬೇಕಾಗುತ್ತದೆ. ತಾಳವಾಡಿಯಿಂದ ಕೊಯಮತ್ತೂರಿನ ಕೇಂದ್ರ ಜೈಲಿಗೆ ಹೋಗುವವರು ದಿಂಬಂ ಘಟ್ಟದ 27 ತಿರುವು ಇಳಿಯಬೇಕು. ಅರ್ಧ ಗಂಟೆಯೂ ಇಲ್ಲದ ಭೇಟಿಗೆ ಒಂದು ದಿನದ ಕೂಲಿ ಹೋಯಿತು. ಜಾಮೀನು ಮಂಜೂರಾದರೂ ಪಟ್ಟಾ ಇರುವ ಜಾಮೀನುದಾರ ಬೇಕು. ಹೆಸರಿನಲ್ಲಿ ಭೂಮಿಯಿಲ್ಲದ ಸೋಲಿಗ, ಊರಾಳಿ ಬುಡಕಟ್ಟಿನವರು ಯಾರನ್ನು ಕರೆತಂದಾರು?

ಟಾಡಾ ವಿಷಯಕ್ಕೇ ಮರಳಿದರೆ, ವೀರಪ್ಪನ್ ವಿರುದ್ಧದ ಕಾರ್ಯಾಚರಣೆಯ ಹೆಸರಿನಲ್ಲಿ ನಡೆದ ಹಿಂಸೆಯ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಸರಾಸರಿ ತಲೆಗೆ ಮೂರು ಲಕ್ಷ ಚಿಲ್ಲರೆ. ತಪ್ಪಾಗಿ ಹಿಡಿಯುವುದಕ್ಕೂ ಖಜಾನೆಯ ದುಡ್ಡು, ಆಮೇಲೆ ಅದಕ್ಕೆ ದಂಡ ತೆರುವುದಕ್ಕೂ ಅದೇ ಖಜಾನೆ.

ಬದಲಾವಣೆ ಒಂದಷ್ಟು ಬಂದಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಕೇಸಿನಲ್ಲೂ ಅಪರಾಧ ಸಾಬೀತಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಜಾಮೀನಿಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯಾಗಬಲ್ಲ ಕೇಸುಗಳಿಗೆ ಇದು ಅನ್ವಯಿಸದು. 2023ರಲ್ಲಿ ಕೇಂದ್ರ ತಂದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ಜಾಮೀನು ಹಣ ಕೊಡಲು ಅವಕಾಶವಿತ್ತು. ಜಾಮೀನು ಸಿಕ್ಕಿ ಏಳು ದಿನವಾದರೂ ಹಣವಿಲ್ಲದೆ ಉಳಿದವರ ವಿಷಯವನ್ನು ಜೈಲಿನವರೇ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಮನೆಯವರು ಕೇಳಬಹುದು: ಉಚಿತ ಕಾನೂನು ನೆರವಿನ ಫೋನ್ ಸಂಖ್ಯೆ 15100.